ವಿಕಾಸವಾದ: ಏಣಿಯೋ, ಮರವೋ?

ಜತ್ತ ತಾಲೂಕಿನ ಶೇಗಾಂವದಲ್ಲಾಗಲಿ ಅದರ ನೆರೆಯ ಊರುಗಳಲ್ಲಾಗಲಿ ಬೆಳೆಯುವ ವಿದ್ಯಾರ್ಥಿಗೆ ಡಾರ್ವಿನ್ನನ ಸಿದ್ಧಾಂತವು ಎರಡು ಹೆಸರುಗಳಲ್ಲಿ ಎದುರಾಗುತ್ತದೆ. ಮರಾಠಿ ಪುಸ್ತಕವು ಅದನ್ನು ‘ಉತ್ಕ್ರಾಂತಿವಾದ’ ಎನ್ನುತ್ತದೆ. ಕನ್ನಡ ಪುಸ್ತಕವು ‘ವಿಕಾಸವಾದ’ ಎನ್ನುತ್ತದೆ. ಎರಡೂ ಸಂಸ್ಕೃತದಿಂದ ಬಂದ ಪದಗಳು, ಎರಡೂ ಶಾಸ್ತ್ರೀಯವಾಗಿ ಕೇಳಿಸುವ ಪದಗಳು. ಆದರೆ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಾದ ನಾವು ಪದಗಳನ್ನು ಬಿಡಿಸಿ ನೋಡುವ ಅಭ್ಯಾಸವುಳ್ಳವರು. ‘ಉತ್ಕ್ರಾಂತಿ’ಯಲ್ಲಿರುವ ‘ಉತ್’ ಎಂಬ ಉಪಸರ್ಗವು ಮೇಲ್ಮುಖವಾದ ನಡೆಯನ್ನು ಸೂಚಿಸುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಏರುವುದು ಅದರ ಧ್ವನಿ. ‘ವಿಕಾಸ’ವೆಂದರೆ ಅರಳುವಿಕೆ, ಮೊಗ್ಗಿನಲ್ಲಿ ಮೊದಲೇ ಅಡಗಿದ್ದುದು ಹೂವಾಗಿ ತೆರೆದುಕೊಳ್ಳುವುದು. ಒಂದು ಪದದಲ್ಲಿ ಏರಬೇಕಾದ ಶಿಖರವಿದೆ, ಇನ್ನೊಂದರಲ್ಲಿ ತಲುಪಬೇಕಾದ ಪೂರ್ಣತೆಯಿದೆ. ಡಾರ್ವಿನ್ನನ ಸಿದ್ಧಾಂತದಲ್ಲಿ ಇವೆರಡೂ ಇಲ್ಲ.

ಇಂಗ್ಲಿಷಿನ ‘ಎವಲ್ಯೂಷನ್’ ಎಂಬ ಪದವೂ ಇದಕ್ಕಿಂತ ಉತ್ತಮವಾದುದಲ್ಲ. ಸುತ್ತಿಟ್ಟ ಹಾಳೆಯ ಸುರುಳಿಯನ್ನು ಬಿಚ್ಚುವುದು ಅದರ ಮೂಲಾರ್ಥ. ಅದಕ್ಕಾಗಿಯೋ ಏನೋ, 1859ರ ನವೆಂಬರ್ 24ರಂದು ಪ್ರಕಟವಾದ ‘ಜೀವಿಜಾತಿಗಳ ಉಗಮ’ದ ಮೊದಲ ಆವೃತ್ತಿಯಲ್ಲಿ ಡಾರ್ವಿನ್ನನು ಆ ನಾಮಪದವನ್ನು ಬಳಸಲಿಲ್ಲ; ಅದರ ಕ್ರಿಯಾರೂಪವೊಂದು ಮಾತ್ರ ಗ್ರಂಥದ ಕಟ್ಟಕಡೆಯ ಪದವಾಗಿ ಬರುತ್ತದೆ. ಅವನ ಮೆಚ್ಚಿನ ನುಡಿಗಟ್ಟಿನ ಅರ್ಥ ‘ಮಾರ್ಪಾಟಿನೊಡನೆ ಸಾಗುವ ಸಂತತಿ’ ಎಂಬಷ್ಟೇ. ಮೇಲು, ಕೀಳು ಎಂಬ ಪದಗಳನ್ನು ಎಂದೂ ಬಳಸಬಾರದೆಂದು ಅವನು ಒಂದು ಪುಸ್ತಕದ ಅಂಚಿನಲ್ಲಿ ತನಗೆ ತಾನೇ ಎಚ್ಚರಿಕೆ ಬರೆದುಕೊಂಡಿದ್ದನು. ಆ ಎಚ್ಚರಿಕೆಯನ್ನು ಅವನೂ ಸದಾ ಪಾಲಿಸಲಿಲ್ಲ, ಅವನ ನಂತರದ ಜಗತ್ತಂತೂ ಪಾಲಿಸಲೇ ಇಲ್ಲ.

ಈ ಲೇಖನದ ವಾದವು ಸರಳವಾದುದು. ಆಧುನಿಕ ಚಿಂತನೆಯ ಮೇಲೆ ವಿಕಾಸವಾದದ ಪ್ರಭಾವವೆಂದು ನಾವು ಓದುವ ಬಹುಪಾಲು ಸಂಗತಿಗಳು ಡಾರ್ವಿನ್ನನ ಮರದ ಪ್ರಭಾವವಲ್ಲ, ಅವನ ಹೆಸರಿನಲ್ಲಿ ನಿಲ್ಲಿಸಿದ ಏಣಿಯ ಪ್ರಭಾವ. ಆ ಏಣಿಯಿಂದ ಆದ ಹಾನಿ ಜೀವವಿಜ್ಞಾನಕ್ಕಿಂತ ಸಮಾಜಕ್ಕೂ ಭಾಷೆಗೂ ಹೆಚ್ಚು. ಗಡಿನಾಡಿನಲ್ಲಿ ಕನ್ನಡ ಕಲಿಯುವವರು ಅದನ್ನು ವಿಶೇಷವಾಗಿ ಅರಿಯಬೇಕಾಗಿದೆ, ಏಕೆಂದರೆ ಆ ಏಣಿಯ ಕೆಳಗಿನ ಮೆಟ್ಟಿಲೊಂದರಲ್ಲಿ ನಮ್ಮ ಮನೆಮಾತನ್ನೂ ಕೂರಿಸಲಾಗಿದೆ.

ಮೊದಲಿಗೆ, ಈ ಸಿದ್ಧಾಂತವು ನಮಗೆ ತೀರ ಹೊರಗಿನದೆಂಬ ಭಾವನೆಯನ್ನು ಸ್ವಲ್ಪ ಸಡಿಲಿಸಬೇಕು. 1824ರಲ್ಲಿ ಕಿತ್ತೂರಿನ ಕದನದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದಾಗ ರಾಣಿ ಚೆನ್ನಮ್ಮನ ಸೈನ್ಯಕ್ಕೆ ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬನು. ಬಿಡುಗಡೆಯಾದ ಮೇಲೆ ಅವನು ಇದೇ ದಕ್ಷಿಣ ಮರಾಠಾ ಪ್ರಾಂತದಲ್ಲಿ ವರ್ಷಗಳ ಕಾಲ ಸೇವೆಯಲ್ಲಿದ್ದು ನೂರಾರು ಶಾಸನಗಳ ಪ್ರತಿಗಳನ್ನು ಮಾಡಿಸಿದನು. ಚಾಲುಕ್ಯರ ಇತಿಹಾಸವನ್ನು ಕಟ್ಟಿದವರಿಗೆ ಆ ಸಂಗ್ರಹವು ಅಡಿಪಾಯವಾಯಿತು. 1839ರಲ್ಲಿ ಅವನು ಈ ಪ್ರಾಂತದ ಸಸ್ತನಿ ಪ್ರಾಣಿಗಳ ಪಟ್ಟಿಯೊಂದನ್ನೂ ಪ್ರಕಟಿಸಿದನು. ಮುಂದೆ ಮದರಾಸಿನಲ್ಲಿದ್ದಾಗ ಡಾರ್ವಿನ್ನನ ಕೋರಿಕೆಯಂತೆ ಭಾರತದ ಸಾಕು ಪಾರಿವಾಳಗಳ ಚರ್ಮಗಳನ್ನು ಕಳುಹಿಸಿದನು. ‘ಜೀವಿಜಾತಿಗಳ ಉಗಮ’ದ ಮೊದಲನೆಯ ಅಧ್ಯಾಯದಲ್ಲಿಯೇ ಡಾರ್ವಿನ್ನನು ಆ ಉಪಕಾರವನ್ನು ಹೆಸರಿಟ್ಟು ನೆನೆದಿದ್ದಾನೆ. ಕನ್ನಡ ಶಾಸನಗಳನ್ನು ಕೂಡಿಸಿದ ಕೈಯೇ ಡಾರ್ವಿನ್ನನಿಗೆ ಪಾರಿವಾಳಗಳನ್ನು ಕಳುಹಿಸಿತೆಂಬುದು ಬರಿಯ ಕುತೂಹಲದ ಸಂಗತಿಯಲ್ಲ. ಶಾಸನಗಳಲ್ಲಿ ಭಾಷೆ ಬದಲಾದ ಬಗೆಯೂ ಪಾರಿವಾಳಗಳಲ್ಲಿ ಜೀವಿ ಬದಲಾದ ಬಗೆಯೂ ಒಂದೇ ಬಗೆಯ ಸಾಕ್ಷ್ಯವನ್ನು ಕೊಡುತ್ತವೆ. ಅದನ್ನು ಮುಂದೆ ನೋಡೋಣ.

ಪಾರಿವಾಳಗಳೇ ಏಕೆ? ಮನುಷ್ಯನ ಆಯ್ಕೆಯು ಜೀವಿಯ ರೂಪವನ್ನು ಎಷ್ಟರ ಮಟ್ಟಿಗೆ ಬದಲಿಸಬಲ್ಲದೆಂಬುದನ್ನು ತೋರಿಸಲು. ಎದೆಯುಬ್ಬಿಸುವ ಪಾರಿವಾಳ, ಬೀಸಣಿಗೆಯಂತೆ ಬಾಲ ಹರಡುವ ಪಾರಿವಾಳ, ಹಾರುತ್ತ ಲಾಗ ಹಾಕುವ ಪಾರಿವಾಳ, ಇವೆಲ್ಲ ಒಂದೇ ಕಾಡುಪಾರಿವಾಳದ ಸಂತತಿಯೆಂದು ಅವನು ವಾದಿಸಿದನು. ಈ ಮಾತನ್ನು ಅರ್ಥಮಾಡಿಕೊಳ್ಳಲು ಜತ್ತ ತಾಲೂಕಿನವರಿಗೆ ಲಂಡನ್ನಿನ ಪಾರಿವಾಳ ಸಾಕುವವರ ಕೂಟಗಳು ಬೇಕಾಗಿಲ್ಲ. ಇದೇ ತಾಲೂಕಿನ ಮಾಡಗ್ಯಾಳದ ಹೆಸರು ಹೊತ್ತ ಕುರಿಯನ್ನು ನೋಡಿದರೆ ಸಾಕು. ಎತ್ತರದ ಮೈಕಟ್ಟು, ಬಿಳಿಯ ಮೈಮೇಲೆ ಕಂದು ಮಚ್ಚೆಗಳು, ಬಿಲ್ಲಿನಂತೆ ಬಾಗಿದ ಮೂಗು. ಈ ಲಕ್ಷಣಗಳು ಆಕಾಶದಿಂದ ಇಳಿದುಬಂದವಲ್ಲ. ಯಾವ ಟಗರನ್ನು ಬೀಜಕ್ಕೆ ಉಳಿಸಬೇಕು, ಯಾವುದನ್ನು ಸಂತೆಗೆ ಹೊಡೆಯಬೇಕು ಎಂದು ತಲೆಮಾರುಗಳ ಕುರಿಗಾರರು ಮಾಡಿದ ನಿರ್ಧಾರಗಳ ಮೊತ್ತವೇ ಆ ತಳಿ. ಖಿಲಾರಿ ಎತ್ತಿನ ಕೊಂಬು, ನಡಿಗೆ, ಮೈಬಣ್ಣಗಳೂ ಹಾಗೆಯೇ ಒಕ್ಕಲಿಗನ ಕಣ್ಣು ಆರಿಸಿದವು. ಕುರಿಗಾರನು ‘ತಳಿ’ ಎಂದಾಗ ಡಾರ್ವಿನ್ನನ ಮೊದಲ ಅಧ್ಯಾಯದ ಸಾರವನ್ನೇ ನುಡಿದಿರುತ್ತಾನೆ: ಮಕ್ಕಳು ತಾಯ್ತಂದೆಯರನ್ನು ಹೋಲುತ್ತವೆ, ಆದರೆ ಪೂರ್ತಿ ಹೋಲುವುದಿಲ್ಲ, ಆ ಸಣ್ಣ ಭೇದಗಳು ಸಂತತಿಗೆ ದಾಟುತ್ತವೆ, ಆಯ್ಕೆಯು ಅವನ್ನು ಕೂಡಿಸುತ್ತ ಹೋಗುತ್ತದೆ.

ಡಾರ್ವಿನ್ನನ ದೊಡ್ಡ ಹೆಜ್ಜೆ ಇದರ ಮುಂದಿನದು. ಆರಿಸುವ ಕುರಿಗಾರನೇ ಇಲ್ಲದಿದ್ದರೂ ಆಯ್ಕೆ ನಡೆಯಬಲ್ಲದೆಂದು ಅವನು ಕಂಡನು. ಹುಟ್ಟುವ ಜೀವಿಗಳೆಲ್ಲ ಬದುಕಿ ಮರಿ ಹಾಕುವುದಿಲ್ಲ. ನೀರು, ಮೇವು, ರೋಗ, ಶತ್ರುಗಳ ನಡುವೆ ಯಾವ ಭೇದವು ಒದಗಿ ಬಂದಿತೋ ಅದು ಮುಂದಿನ ಪೀಳಿಗೆಯಲ್ಲಿ ಹೆಚ್ಚುತ್ತದೆ. ಆಲ್ಫ್ರೆಡ್ ರಸೆಲ್ ವಾಲೇಸನೂ ಇದೇ ತೀರ್ಮಾನಕ್ಕೆ ಸ್ವತಂತ್ರವಾಗಿ ಬಂದಿದ್ದನು. 1858ರ ಜುಲೈ 1ರಂದು ಇಬ್ಬರ ಬರಹಗಳನ್ನೂ ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಒಟ್ಟಿಗೆ ಓದಲಾಯಿತು.

ಬರಗಾಲವನ್ನು ಬಲ್ಲ ನಾಡಿಗೆ ಈ ತತ್ತ್ವದ ಉದಾಹರಣೆಯೂ ಬರಗಾಲದ್ದೇ ಆಗಿರುವುದು ಉಚಿತ. ಗಲಪಗಾಸ್ ದ್ವೀಪಸ್ತೋಮದ ಡಾಫ್ನಿ ಮೇಜರ್ ಎಂಬ ಪುಟ್ಟ ದ್ವೀಪದಲ್ಲಿ ಪೀಟರ್ ಮತ್ತು ರೋಸ್‌ಮರಿ ಗ್ರಾಂಟ್ ದಂಪತಿಗಳು ಫಿಂಚ್ ಹಕ್ಕಿಗಳನ್ನು ದಶಕಗಳ ಕಾಲ ಅಳೆದು ದಾಖಲಿಸಿದರು. 1977ರಲ್ಲಿ ಅಲ್ಲಿ ಮಳೆ ಹೋಯಿತು. ಮೆತ್ತನೆಯ ಸಣ್ಣ ಬೀಜಗಳು ತೀರಿ ಗಟ್ಟಿಯಾದ ದೊಡ್ಡ ಬೀಜಗಳಷ್ಟೇ ಉಳಿದಾಗ ದಪ್ಪ ಕೊಕ್ಕಿನ ಹಕ್ಕಿಗಳು ಹೆಚ್ಚು ಬದುಕಿದವು. ಮುಂದಿನ ಪೀಳಿಗೆಯ ಕೊಕ್ಕು ಸರಾಸರಿಯಲ್ಲಿ ದಪ್ಪವಾಯಿತು. ಆದರೆ 1983ರಲ್ಲಿ ಮಳೆ ವಿಪರೀತ ಸುರಿದು ಸಣ್ಣ ಬೀಜಗಳು ತುಂಬಿಕೊಂಡ ಮೇಲೆ ಆಯ್ಕೆಯು ಹಿಂದಿರುಗಿ ಸಣ್ಣ ಕೊಕ್ಕಿನ ಕಡೆಗೆ ಒಲಿಯಿತು. ಹಾಗಾದರೆ ಯಾವ ಕೊಕ್ಕು ‘ವಿಕಸಿತ’ವಾದುದು? ಪ್ರಶ್ನೆಯೇ ಅರ್ಥಹೀನ. ಬರಕ್ಕೆ ಒಂದು ಕೊಕ್ಕು ಒದಗಿತು, ಮಳೆಗೆ ಇನ್ನೊಂದು. ಏರುವ ಮೆಟ್ಟಿಲು ಇಲ್ಲಿಲ್ಲ. ಕಾಲದೇಶಗಳಿಗೆ ಒದಗುವುದು, ಒದಗದಿರುವುದು ಮಾತ್ರ ಇದೆ. ಕೊಕ್ಕಿನ ಈ ಸಣ್ಣ ಸತ್ಯವನ್ನು ಮನುಷ್ಯನ ವಿಷಯದಲ್ಲಿ ಒಪ್ಪಲು ಮಾತ್ರ ಆಧುನಿಕ ಜಗತ್ತಿಗೆ ಬಹಳ ಕಷ್ಟವಾಗಿದೆ.

ನಮ್ಮಲ್ಲಿ ಈ ಕಷ್ಟವು ಒಂದು ವಿಶಿಷ್ಟ ರೂಪದಲ್ಲಿ ಕಾಣಿಸುತ್ತದೆ. ದಶಾವತಾರದಲ್ಲಿಯೇ ವಿಕಾಸವಾದವಿದೆ, ಮತ್ಸ್ಯದಿಂದ ಕೂರ್ಮ, ಕೂರ್ಮದಿಂದ ವರಾಹ, ಅಲ್ಲಿಂದ ನರಸಿಂಹ, ವಾಮನ ಎಂಬ ಕ್ರಮವೇ ಡಾರ್ವಿನ್ನನ ಕ್ರಮವೆಂದು ಭಾಷಣಗಳಲ್ಲಿ ಕೇಳಿರುತ್ತೇವೆ. ಈ ಹೋಲಿಕೆ ಪುರಾಣದಷ್ಟು ಹಳೆಯದಲ್ಲ. 1877ರಲ್ಲಿ ಪ್ರಕಟವಾದ ಬ್ಲಾವಟ್ಸ್ಕಿಯವರ ಗ್ರಂಥದಲ್ಲಿ ಅದು ಕಾಣಿಸುತ್ತದೆ, ಅಂದರೆ ಡಾರ್ವಿನ್ನನ ಪುಸ್ತಕ ಬಂದು ಹದಿನೆಂಟು ವರ್ಷಗಳಾದ ಮೇಲೆ. ಪುರಾಣಕ್ಕೆ ಅದರದೇ ಆದ ಅರ್ಥಸಂಪತ್ತಿದೆ, ಅದಕ್ಕೆ ವಿಜ್ಞಾನದ ಪ್ರಮಾಣಪತ್ರ ಬೇಕಾಗಿಲ್ಲ. ಆದರೆ ಹೋಲಿಕೆ ತಪ್ಪಿದ್ದು ಎಲ್ಲಿ ಎಂಬುದನ್ನು ಗಮನಿಸಬೇಕು. ಆಮೆಯು ಹಂದಿಯ ಪೂರ್ವಜವಲ್ಲ. ಅವೆರಡೂ ಇಂದು ಜೊತೆಜೊತೆಗೆ ಬದುಕಿರುವ ದೂರದ ದಾಯಾದಿಗಳು. ಒಂದರ ಮೇಲೊಂದು ಮೆಟ್ಟಿಲಾಗಿ ಜೋಡಿಸಿದ ಕೂಡಲೇ ಮರವು ಏಣಿಯಾಗುತ್ತದೆ. 2018ರ ಜನವರಿಯಲ್ಲಿ ಕೇಂದ್ರದ ಸಚಿವರೊಬ್ಬರು ಔರಂಗಾಬಾದಿನಲ್ಲಿ ಮಾತನಾಡುತ್ತ, ಕೋತಿ ಮನುಷ್ಯನಾದುದನ್ನು ನಮ್ಮ ಪೂರ್ವಿಕರಾರೂ ಕಂಡಿಲ್ಲ, ಆದ್ದರಿಂದ ಡಾರ್ವಿನ್ನನ ಸಿದ್ಧಾಂತ ತಪ್ಪು ಎಂಬರ್ಥದ ಮಾತನಾಡಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯೂ ಸೇರಿದಂತೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ಅಲ್ಲಗಳೆದವು. ದಶಾವತಾರದಲ್ಲಿ ವಿಕಾಸವನ್ನು ಕಾಣುವವರೂ ವಿಕಾಸವೇ ಸುಳ್ಳೆನ್ನುವವರೂ ಒಂದೇ ಏಣಿಯ ಕಲ್ಪನೆಯಲ್ಲಿ ನಿಂತಿದ್ದಾರೆಂಬುದು ಸ್ವಾರಸ್ಯದ ಸಂಗತಿ. ಇಂದಿನ ಕೋತಿ ಎಂದೂ ಮನುಷ್ಯನಾಗಲಿಲ್ಲ, ಆಗಬೇಕಾಗಿಯೂ ಇಲ್ಲ. ಇಬ್ಬರಿಗೂ ಬಹು ಹಿಂದಿನ ಒಬ್ಬ ಸಾಮಾನ್ಯ ಪೂರ್ವಜನಿದ್ದನು ಎಂಬುದಷ್ಟೇ ಸಿದ್ಧಾಂತದ ಮಾತು.

ಇದು ಅರ್ಥವಾಗಲು ಭಾಷೆಯ ವಿದ್ಯಾರ್ಥಿಗೆ ಬೇರೆ ಪಾಠವೇ ಬೇಡ. ಹಳೆಗನ್ನಡದ ತಾಯಿ ಹೊಸಗನ್ನಡದ ಮಗುವನ್ನು ಹೆತ್ತುದನ್ನು ಯಾರು ಕಂಡಿದ್ದಾರೆ? ಯಾರೂ ಇಲ್ಲ. ಪ್ರತಿಯೊಂದು ತಲೆಮಾರಿನ ತಾಯಿಯೂ ಮಗುವೂ ಪರಸ್ಪರರ ಮಾತನ್ನು ತಿಳಿದೇ ಬಾಳಿದರು. ಆದರೂ 941ರಲ್ಲಿ ಪಂಪನು ಬರೆದುದನ್ನು ಇಂದು ನಾವು ಅರ್ಥಕೋಶವಿಲ್ಲದೆ ಓದಲಾರೆವು. ಒಂದೊಂದು ಹೆಜ್ಜೆಯಲ್ಲಿಯೂ ಕಾಣದ ಬದಲಾವಣೆ ಸಾವಿರ ವರ್ಷಗಳಲ್ಲಿ ಹೇಗೆ ಬೇರೊಂದು ರೂಪವಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಕನ್ನಡವು ತಮಿಳಿನಿಂದ ಹುಟ್ಟಿತೆಂಬ ಮಾತಿಗೆ ನಾವು ಕೊಡುವ ಉತ್ತರವೂ ಇದೇ: ಅವೆರಡೂ ಒಂದೇ ಮೂಲದಿಂದ ಕವಲೊಡೆದ ಸೋದರ ಭಾಷೆಗಳು, ತಾಯಿಮಕ್ಕಳಲ್ಲ. ಭಾಷೆಯ ವಿಷಯದಲ್ಲಿ ಇಷ್ಟು ಚೆನ್ನಾಗಿ ತಿಳಿದ ಸತ್ಯವನ್ನು ಜೀವದ ವಿಷಯದಲ್ಲಿ ಮರೆಯಬಾರದು.

ಡಾರ್ವಿನ್ನನೇ ಈ ಹೋಲಿಕೆಯನ್ನು ಚೆನ್ನಾಗಿ ಬಳಸಿಕೊಂಡಿದ್ದನು. ಕೆಲಸವಿಲ್ಲದೆ ಉಳಿದ ಅವಶೇಷಾಂಗಗಳನ್ನು ಅವನು ಬರೆವಣಿಗೆಯಲ್ಲಿ ಉಳಿದು ಉಚ್ಚಾರದಲ್ಲಿ ಅಳಿದ ಅಕ್ಷರಗಳಿಗೆ ಹೋಲಿಸಿದನು. ಅವು ಪದದ ಹುಟ್ಟನ್ನು ಹುಡುಕಲು ದಾರಿ ತೋರುತ್ತವೆ. ಅದಕ್ಕೆ ಶೇಗಾಂವದ ಹೆಸರೇ ಸಾಕ್ಷಿ. ಸಂಸ್ಕೃತದ ‘ಗ್ರಾಮ’ವು ಪ್ರಾಕೃತದಲ್ಲಿ ‘ಗಾಮ’ವಾಗಿ, ಮರಾಠಿಯಲ್ಲಿ ‘ಗಾಂವ’ವಾಯಿತು. ಅಳಿದ ಮಕಾರದ ಗುರುತಾಗಿ ಒಂದು ಸೊನ್ನೆ ಉಳಿಯಿತು. ಉಚ್ಚಾರವಿಲ್ಲದ ಅನುಸ್ವಾರಗಳನ್ನು ಬಿಡಬೇಕೆಂದು ಮರಾಠಿಯ ಬರೆವಣಿಗೆಯ ನಿಯಮಗಳು 1962ರಲ್ಲಿ ಸೂಚಿಸಿದ ಮೇಲೆ ಅಲ್ಲಿ ಆ ಸೊನ್ನೆಯೂ ಹೋಯಿತು. ಕನ್ನಡದಲ್ಲಿ ‘ಶೇಗಾಂವ’ ಎಂದು ಬರೆಯುವಾಗ ನಾವು ಆ ಅವಶೇಷವನ್ನು ಇನ್ನೂ ಹೊತ್ತಿದ್ದೇವೆ. ಕನ್ನಡದ ಱ ಮತ್ತು ೞ ಅಕ್ಷರಗಳ ಕಥೆಯೂ ಇಂಥದೇ. ಹದಿಮೂರನೆಯ ಶತಮಾನದ ಕೇಶಿರಾಜನು ೞಕಾರವಿರುವ ಪದಗಳನ್ನು ಪಟ್ಟಿಮಾಡಿ ಕೊಡಬೇಕಾಯಿತೆಂದರೆ, ಕೇಳುವ ಕಿವಿಗೆ ಅದರ ಭೇದ ಆಗಲೇ ಮಸುಕಾಗಿತ್ತೆಂದು ಅರ್ಥ.

ಈಗ ಏಣಿಯು ಸಮಾಜಕ್ಕೆ ಮಾಡಿದುದನ್ನು ನೋಡೋಣ. ‘ಯೋಗ್ಯತಮನ ಉಳಿವು’ ಎಂಬ ಮಾತನ್ನು ಟಂಕಿಸಿದವನು ಡಾರ್ವಿನ್ನನಲ್ಲ, 1864ರಲ್ಲಿ ಹರ್ಬರ್ಟ್ ಸ್ಪೆನ್ಸರ್. ಡಾರ್ವಿನ್ನನು ಅದನ್ನು 1869ರ ಐದನೆಯ ಆವೃತ್ತಿಯಲ್ಲಿ ಅಂಗೀಕರಿಸಿದನು. ‘ಯೋಗ್ಯ’ವೆಂದರೆ ಸನ್ನಿವೇಶಕ್ಕೆ ಒದಗುವುದು ಎಂಬ ಅರ್ಥ ಹಿಂದೆ ಸರಿದು, ಬಲಿಷ್ಠ, ಶ್ರೀಮಂತ, ಆಳುವವನು ಎಂಬ ಅರ್ಥ ಮುಂದೆ ಬಂದಿತು. ಡಾರ್ವಿನ್ನನ ಬಂಧುವಾದ ಫ್ರಾನ್ಸಿಸ್ ಗಾಲ್ಟನ್ 1883ರಲ್ಲಿ ‘ಯೂಜೆನಿಕ್ಸ್’ ಎಂಬ ಹೆಸರಿಟ್ಟು, ಮನುಷ್ಯರಲ್ಲಿಯೂ ತಳಿ ಆರಿಸಬೇಕೆಂಬ ವಾದವನ್ನು ಹೂಡಿದನು. 1871ರ ‘ಮಾನವನ ಅವತರಣ’ದಲ್ಲಿ ಡಾರ್ವಿನ್ನನೂ ತನ್ನ ಕಾಲದ ಜನಾಂಗ ಶ್ರೇಣಿಯ ಮಾತುಗಳಿಂದ ಪೂರ್ತಿ ಪಾರಾಗಲಿಲ್ಲ ಎಂಬುದನ್ನು ಮುಚ್ಚಿಡುವ ಅಗತ್ಯವಿಲ್ಲ. ಭಾರತದಲ್ಲಿ 1901ರ ಜನಗಣತಿಯ ಮುಖ್ಯಸ್ಥನಾದ ಹರ್ಬರ್ಟ್ ರಿಸ್ಲೆ ಜನರ ಮೂಗಿನ ಉದ್ದಗಲಗಳನ್ನು ಅಳೆದು ಜಾತಿಗಳ ಮೇಲುಕೀಳನ್ನು ಅದರಿಂದ ವಿವರಿಸಲು ಹೊರಟನು. ಟಗರಿನ ಮೂಗನ್ನು ನೋಡಿ ಬೆಲೆ ಕಟ್ಟುವುದು ಸಂತೆಯ ವ್ಯವಹಾರ; ಮನುಷ್ಯನ ಮೂಗನ್ನು ಅಳೆದು ಬೆಲೆ ಕಟ್ಟಿದುದು ವಿಜ್ಞಾನದ ಹೆಸರಿನಲ್ಲಿ ನಡೆದ ವ್ಯವಹಾರ.

ಈ ಮೂಗಿನ ಲೆಕ್ಕಕ್ಕೆ ಉತ್ತರ ಕೊಟ್ಟವರು ಬಿ.ಆರ್. ಅಂಬೇಡ್ಕರ್. 1948ರಲ್ಲಿ ಪ್ರಕಟವಾದ ‘ಅಸ್ಪೃಶ್ಯರು’ ಎಂಬ ಗ್ರಂಥದಲ್ಲಿ ಅವರು ನಾಸಿಕದ ಅಳತೆಗಳನ್ನೇ ಸಾಕ್ಷಿಯಾಗಿ ಎತ್ತಿಕೊಂಡು, ಬ್ರಾಹ್ಮಣರೂ ಅಸ್ಪೃಶ್ಯರೂ ಬೇರೆ ಬೇರೆ ಜನಾಂಗಗಳೆಂಬ ವಾದ ನಿಲ್ಲುವುದಿಲ್ಲವೆಂದು ತೋರಿಸಿದರು. ಆಧುನಿಕ ಚಿಂತನೆಯ ಮೇಲೆ ಡಾರ್ವಿನ್ನನ ನಿಜವಾದ ಪ್ರಭಾವವನ್ನು ಹುಡುಕುವವರು ಇಂಥಲ್ಲಿ ಹುಡುಕಬೇಕೆಂದು ನನ್ನ ಅಭಿಪ್ರಾಯ. ಎಲ್ಲ ಜೀವಿಗಳಿಗೂ ಒಂದೇ ಮೂಲವೆಂಬ ಮಾತು ಹುಟ್ಟಿನ ಶ್ರೇಷ್ಠತೆಯ ಬೇರನ್ನೇ ಕೀಳುತ್ತದೆ. ಏಣಿಯು ಆ ಬೇರನ್ನು ಮತ್ತೆ ನೆಡುತ್ತದೆ.

ಕನ್ನಡ ಸಾಹಿತ್ಯವು ಈ ಎರಡೂ ದಾರಿಗಳನ್ನು ಬಲ್ಲದು. ನವೋದಯದ ಹಿರಿಯರು ವಿಕಾಸವನ್ನು ಬಹುಮಟ್ಟಿಗೆ ಶ್ರೀ ಅರವಿಂದರ ದರ್ಶನದ ಮೂಲಕ ಕಂಡರು. ಜಡದಿಂದ ಪ್ರಾಣ, ಪ್ರಾಣದಿಂದ ಮನಸ್ಸು, ಮನಸ್ಸಿನಿಂದ ಅತಿಮಾನಸ ಎಂಬ ಆರೋಹಣವು ಕುವೆಂಪು, ವಿ.ಕೃ. ಗೋಕಾಕರಂಥವರ ಕಾವ್ಯದೃಷ್ಟಿಗೆ ಬಲ ಕೊಟ್ಟಿತು. ‘ಶ್ರೀರಾಮಾಯಣ ದರ್ಶನಂ’ ಕಾವ್ಯದಲ್ಲಿ ರಾವಣನಿಗೂ ಉದ್ಧಾರದ ದಾರಿ ತೆರೆಯುವುದು ಈ ದೃಷ್ಟಿಯ ಫಲ; ಯಾರೂ ಶಾಶ್ವತವಾಗಿ ಪತಿತರಲ್ಲವೆಂಬ ಅದರ ಕಾರುಣ್ಯವು ದೊಡ್ಡದು. ಆದರೆ ಅದು ಆತ್ಮದ ಆರೋಹಣ, ಜೀವಶಾಸ್ತ್ರವಲ್ಲ. ಪರೀಕ್ಷೆಯ ಉತ್ತರದಲ್ಲಿ ಇವೆರಡನ್ನೂ ‘ವಿಕಾಸ’ ಎಂಬ ಒಂದೇ ಪದದ ಕೆಳಗೆ ಬೆರೆಸಿದರೆ ಕಾವ್ಯಕ್ಕೂ ಅನ್ಯಾಯ, ವಿಜ್ಞಾನಕ್ಕೂ ಅನ್ಯಾಯ. ಇನ್ನೊಂದು ದಾರಿ ಶಿವರಾಮ ಕಾರಂತರದು, ಪೂರ್ಣಚಂದ್ರ ತೇಜಸ್ವಿಯವರದು. 1936ರ ‘ಬಾಲಪ್ರಪಂಚ’ದಿಂದ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ದವರೆಗೆ ಕಾರಂತರು ಜೀವಜಗತ್ತನ್ನು ಕನ್ನಡದಲ್ಲಿ ವಿವರಿಸಲು ಒಬ್ಬಂಟಿಯಾಗಿ ದುಡಿದರು. ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯಲ್ಲಿ ಯುಗಗಳನ್ನು ದಾಟಿ ಬಂದ ಹಾರುವ ಓತಿಯನ್ನು ಹುಡುಕುವ ವಿಜ್ಞಾನಿಗೆ ಹಳ್ಳಿಯ ಮಂದಣ್ಣನ ಕಣ್ಣೇ ಆಧಾರ. ಕೊನೆಗೆ ಓತಿ ಯಾರ ಕೈಗೂ ಸಿಗದೆ ಕಣಿವೆಯತ್ತ ತೇಲಿಹೋಗುತ್ತದೆ. ಮನುಷ್ಯನು ಸೃಷ್ಟಿಯ ತುದಿಯಲ್ಲಿ ಕುಳಿತವನಲ್ಲ, ಅದರ ಅನೇಕ ಕೊಂಬೆಗಳಲ್ಲೊಂದು ಎಂಬ ಅರಿವನ್ನು ಕನ್ನಡದ ಸಾಮಾನ್ಯ ಓದುಗನಿಗೆ ಮುಟ್ಟಿಸಿದ ಕೃತಿ ಅದು.

ಇನ್ನು ನಮ್ಮ ಮನೆಮಾತಿನ ವಿಷಯ. ಏಣಿಯು ಭಾಷಾಶಾಸ್ತ್ರವನ್ನೂ ಬಿಡಲಿಲ್ಲ. 1863ರಲ್ಲಿ ಡಾರ್ವಿನ್ನನ ಸಿದ್ಧಾಂತವನ್ನೂ ಭಾಷಾಶಾಸ್ತ್ರವನ್ನೂ ಕುರಿತು ಬರೆದ ಜರ್ಮನಿಯ ಆಗಸ್ಟ್ ಶ್ಲೈಖರ್ ಭಾಷೆಗಳನ್ನು ಮೂರು ಹಂತಗಳಲ್ಲಿ ಜೋಡಿಸಿದವರಲ್ಲಿ ಪ್ರಮುಖನು: ಬಿಡಿಪದಗಳ ಭಾಷೆ ಕೆಳಗೆ, ಪ್ರತ್ಯಯಗಳನ್ನು ಅಂಟಿಸುವ ಭಾಷೆ ನಡುವೆ, ಸಂಸ್ಕೃತ, ಗ್ರೀಕ್‌ಗಳಂತಹ ವಿಭಕ್ತಿಪ್ರಧಾನ ಭಾಷೆ ಮೇಲೆ. ಪ್ರತ್ಯಯಗಳನ್ನು ಸಾಲಾಗಿ ಅಂಟಿಸುವ ಕನ್ನಡ ನಡುವಿನ ಮೆಟ್ಟಿಲಿಗೆ ಬಿದ್ದಿತು. ಈ ಶ್ರೇಣಿಯನ್ನು ಭಾಷಾಶಾಸ್ತ್ರವು ಎಂದೋ ಕೈಬಿಟ್ಟಿದೆ. ಆದರೆ ಅದೇ ಮನೋಭಾವವು ಕನ್ನಡದೊಳಗೇ ಮನೆಮಾಡಿಕೊಂಡಿದೆ.

ಒಂದು ಉದಾಹರಣೆ. ಹಳೆಗನ್ನಡದ ‘ಪಾಲ್’ ಇಂದು ‘ಹಾಲು’. ‘ಪುಲಿ’ ಇಂದು ‘ಹುಲಿ’. ತಮಿಳು, ತೆಲುಗು, ಮಲಯಾಳಂಗಳು ‘ಪುಲಿ’ಯನ್ನೂ ತುಳು ‘ಪಿಲಿ’ಯನ್ನೂ ಉಳಿಸಿಕೊಂಡಿವೆ. ಹತ್ತನೆಯ ಶತಮಾನದ ಸುಮಾರಿನಿಂದ ಶಾಸನಗಳಲ್ಲಿ ಇಣುಕತೊಡಗಿದ ಈ ಹಕಾರವು ನಡುಗನ್ನಡದ ಹೊತ್ತಿಗೆ ನಾಡನ್ನೇ ವ್ಯಾಪಿಸಿತು. ಇದನ್ನು ನಾವು ತರಗತಿಯಲ್ಲಿ ಗೌರವದಿಂದ ‘ಧ್ವನಿವ್ಯತ್ಯಾಸ’ ಎಂದು ಓದುತ್ತೇವೆ. ಇತ್ತ ದಕ್ಷಿಣದ ಹಳ್ಳಿಗಳಲ್ಲಿ ಅದೇ ಹಕಾರ ಇನ್ನೊಂದು ಹೆಜ್ಜೆ ನಡೆದು ‘ಹಾಲು’ ‘ಆಲು’ ಆದಾಗ ಅದನ್ನು ‘ಅಶುದ್ಧ ಉಚ್ಚಾರ’ವೆಂದು ನಗುತ್ತೇವೆ. ಪಕಾರ ಸವೆದು ಹಕಾರವಾದುದು ವ್ಯಾಕರಣ, ಹಕಾರ ಸವೆದು ಇಲ್ಲವಾದುದು ಅಜ್ಞಾನ! ಎರಡೂ ಒಂದೇ ಪ್ರಕ್ರಿಯೆ. ಮೊದಲನೆಯದನ್ನು ಮಾಡಿದವರ ಮೊಮ್ಮಕ್ಕಳು ಪುಸ್ತಕ ಬರೆದರು, ಎರಡನೆಯದನ್ನು ಮಾಡಿದವರು ಬರೆಯಲಿಲ್ಲ ಎಂಬುದಷ್ಟೇ ಭೇದ.

ಜತ್ತ ಭಾಗದ ಕನ್ನಡಕ್ಕೂ ಇಂಥದೇ ತೀರ್ಪು ಸಿಕ್ಕಿದೆ. ‘ಖರೆ’, ‘ಪಗಾರ’, ‘ಬಟಾಟಿ’ ಎಂದೊಡನೆ ಅದು ಮರಾಠಿ ಬೆರೆತು ಕೆಟ್ಟ ಕನ್ನಡವೆಂದು ಹಣೆಪಟ್ಟಿ ಹಚ್ಚುವವರಿದ್ದಾರೆ. ಮರಾಠಿಯ ‘ತೂಪ’ನಮ್ಮ ತುಪ್ಪವೆಂಬುದೂ ‘ಅಡಕಿತ್ತಾ’ ನಮ್ಮ ಅಡಕತ್ತರಿಯ ಬಂಧುವೆಂಬುದೂ ‘ಅಣ್ಣಾ’, ‘ಅಕ್ಕಾ’ ಎಂಬ ಕರೆಗಳು ದ್ರಾವಿಡ ಮೂಲದವೆಂಬುದೂ ಅವರ ಗಮನಕ್ಕೆ ಬಂದಂತಿಲ್ಲ. ಇಲ್ಲಿ ಜೀವಿಗೂ ಭಾಷೆಗೂ ಇರುವ ಒಂದು ಭೇದವನ್ನು ಒಪ್ಪಿಕೊಳ್ಳಬೇಕು: ಬೇರೆಯಾದ ಪ್ರಾಣಿಕುಲಗಳು ಸಾಮಾನ್ಯವಾಗಿ ಮತ್ತೆ ಕೂಡುವುದಿಲ್ಲ, ಭಾಷೆಯ ಕೊಂಬೆಗಳು ಮಾತ್ರ ತಾಗಿದಲ್ಲೆಲ್ಲ ಕಸಿಯಾಗುತ್ತವೆ. ಆದರೆ ಮೂಲಸತ್ಯವು ಎರಡಕ್ಕೂ ಒಂದೇ. ಧಾರವಾಡದ ಕನ್ನಡ, ಮೈಸೂರಿನ ಕನ್ನಡ, ಜತ್ತದ ಕನ್ನಡಗಳು ಒಂದೇ ವಯಸ್ಸಿನವು. ಯಾವುದೂ ಇನ್ನೊಂದರ ಹಾಳಾದ ರೂಪವಲ್ಲ. ‘ಕವಿರಾಜಮಾರ್ಗ’ವು ಒಂಬತ್ತನೆಯ ಶತಮಾನದಲ್ಲಿಯೇ ‘ಕನ್ನಡಂಗಳ್’ ಎಂದು ಬಹುವಚನದಲ್ಲಿ ನುಡಿದು, ದೇಸಿಗಳು ಎಷ್ಟೊಂದು ಬಗೆಯೆಂದರೆ ವಾಸುಕಿಯೂ ಬೇಸರಗೊಳ್ಳುವನೆಂಬ ಅರ್ಥದ ಮಾತನ್ನಾಡಿದೆ.

ಹಾಗಾದರೆ ಗ್ರಾಂಥಿಕ ಕನ್ನಡವೇ ಬೇಡವೇ, ಉತ್ತರಪತ್ರಿಕೆಯಲ್ಲಿ ಹೇಗೆ ಬರೆದರೂ ಸರಿಯೇ ಎಂಬ ಪ್ರಶ್ನೆ ನ್ಯಾಯವಾದುದೇ. ಇದಕ್ಕೆ ಉತ್ತರವನ್ನು ಕುರಿಗಾರನಿಂದಲೇ ಪಡೆಯಬಹುದು. ಗ್ರಾಂಥಿಕ ಕನ್ನಡವು ಒಂದು ತಳಿ. ದೂರದೂರದ ಕನ್ನಡಿಗರು ಪರಸ್ಪರ ಅರಿಯುವುದಕ್ಕಾಗಿ, ಶಾಸ್ತ್ರ ಬರೆಯುವುದಕ್ಕಾಗಿ, ಕಾಲವನ್ನು ಮೀರಿ ಉಳಿಯುವುದಕ್ಕಾಗಿ ತಲೆಮಾರುಗಳು ಎಚ್ಚರದಿಂದ ಆರಿಸಿ ಬೆಳೆಸಿದ ತಳಿ. ಅದನ್ನು ಶ್ರದ್ಧೆಯಿಂದ ಕಲಿಯಬೇಕು; ಈ ಲೇಖನವೂ ಅದರಲ್ಲಿಯೇ ಇದೆ. ಆದರೆ ಅದರ ಬೆಲೆ ಇರುವುದು ಅದರ ಉಪಯೋಗದಲ್ಲಿ, ಹುಟ್ಟಿನಲ್ಲಲ್ಲ. ಬೀಜದ ಟಗರನ್ನು ಮೆಚ್ಚುವವನು ಅಡವಿಯ ಜೀವಿಯನ್ನು ಪತಿತವೆಂದು ಕರೆಯುವುದಿಲ್ಲ. ಹೊಸ ತಳಿ ಬೇಕಾದಾಗ ಭೇದಗಳ ಆ ಉಗ್ರಾಣಕ್ಕೇ ಮರಳಬೇಕೆಂದು ಅವನಿಗೆ ಗೊತ್ತು.

ಇಷ್ಟೆಲ್ಲವನ್ನೂ ಕನ್ನಡ ವಿಭಾಗದ ಪತ್ರಿಕೆಯಲ್ಲಿ ಬರೆಯಲು ಒಂದು ತುರ್ತು ಕಾರಣವೂ ಇದೆ. ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದ ‘ಅನುವಂಶೀಯತೆ ಮತ್ತು ವಿಕಾಸ’ ಎಂಬ ಪಾಠದಿಂದ ವಿಕಾಸದ ಭಾಗವನ್ನು ಕೈಬಿಡಲಾಯಿತು. 2023ರ ಏಪ್ರಿಲ್‌ನಲ್ಲಿ 1800ಕ್ಕೂ ಹೆಚ್ಚು ವಿಜ್ಞಾನಿಗಳೂ ಶಿಕ್ಷಕರೂ ಅದನ್ನು ವಿರೋಧಿಸಿ ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಪಾಠ ಉಳಿದಿದೆಯೆಂಬ ಸಮಾಧಾನವು ಕಲಾ ವಿಭಾಗದವರಿಗೆ ಸಲ್ಲದು, ಏಕೆಂದರೆ ಅವರು ಆ ತರಗತಿಗೆ ಹೋಗುವುದೇ ಇಲ್ಲ. ಆ ಪುಸ್ತಕದಲ್ಲಿ ಓದಿ ಕಲಾ ವಿಭಾಗಕ್ಕೆ ಬರುವ ವಿದ್ಯಾರ್ಥಿಗೆ ಡಾರ್ವಿನ್ನನು ಸಿಗುವುದಾದರೆ ಇನ್ನು ಸಾಹಿತ್ಯ, ಇತಿಹಾಸ, ಭಾಷಾಶಾಸ್ತ್ರಗಳ ತರಗತಿಗಳಲ್ಲಿ ಸಿಗಬೇಕು. ಅಲ್ಲಿಯೂ ಏಣಿಯ ಡಾರ್ವಿನ್ನನೇ ಸಿಕ್ಕರೆ ನಷ್ಟವು ಇಮ್ಮಡಿಯಾಗುತ್ತದೆ.

ಆದ್ದರಿಂದ ವಿದ್ಯಾರ್ಥಿ ಮಿತ್ರರಲ್ಲಿ ಎರಡು ಸೂಚನೆಗಳು. ‘ವಿಕಾಸ’ ಎಂಬ ಪದವನ್ನು ಬಿಡಬೇಕಾಗಿಲ್ಲ, ಅದು ರೂಢಿಯಲ್ಲಿ ಬೇರೂರಿದೆ. ಬರೆಯುವಾಗ ಮಾತ್ರ ಅದು ಏರಿಕೆಯ ಅರ್ಥದಲ್ಲಿ ಬಂದಿದೆಯೋ ಮಾರ್ಪಾಟಿನ ಅರ್ಥದಲ್ಲಿ ಬಂದಿದೆಯೋ ಎಂದು ಪ್ರತಿಸಲ ಕೇಳಿಕೊಳ್ಳಿರಿ. ಎರಡನೆಯದಾಗಿ, ಮುಂದಿನ ರಜೆಯಲ್ಲಿ ನಿಮ್ಮೂರಿನ ಕುರಿಗಾರರ ಬಳಿ ಕುಳಿತು ಕುರಿಯ ಬಣ್ಣ, ವಯಸ್ಸು, ಕಿವಿ, ಕೊಂಬು, ನಡಿಗೆ, ರೋಗಗಳಿಗೆ ಅವರು ಬಳಸುವ ಪದಗಳನ್ನು ಬರೆದುಕೊಳ್ಳಿರಿ. ಅವರು ಕನ್ನಡದಲ್ಲಿ ಹೇಳಿದರೆ ಕನ್ನಡದಲ್ಲಿ, ಮರಾಠಿಯಲ್ಲಿ ಹೇಳಿದರೆ ಮರಾಠಿಯಲ್ಲಿ, ಬೆರೆಸಿ ಹೇಳಿದರೆ ಬೆರೆಸಿಯೇ ಬರೆದುಕೊಳ್ಳಿರಿ, ತಿದ್ದಬೇಡಿರಿ. ಎಲಿಯಟ್ ಎರಡು ಶತಮಾನಗಳ ಹಿಂದೆ ಪರನಾಡಿನಿಂದ ಬಂದು ಮಾಡಿದ ಕೆಲಸವನ್ನು ಇಲ್ಲಿಯೇ ಹುಟ್ಟಿದವರು ಇನ್ನೂ ಚೆನ್ನಾಗಿ ಮಾಡಬಲ್ಲರು. ಆ ಪಟ್ಟಿಗಳು ಈ ಪತ್ರಿಕೆಯಲ್ಲಿ ಅಚ್ಚಾಗಲಿ. ತಳಿಯ ಚರಿತ್ರೆಯೂ ನುಡಿಯ ಚರಿತ್ರೆಯೂ ಒಂದೇ ಪುಟದಲ್ಲಿ ಕೂಡಿದಾಗ, ಮೇಲು ಕೀಳೆಂಬ ಮಾತಿಲ್ಲದೆಯೂ ಬದುಕನ್ನು ಪೂರ್ಣವಾಗಿ ವಿವರಿಸಬಹುದೆಂದು ತಾನಾಗಿಯೇ ತಿಳಿಯುತ್ತದೆ.